ದ್ರವಸ್ಫಟಿಕ ಕಿಟಕಿ: ತಂತ್ರಜ್ಞಾನ, ಅದರ ಮಿತಿ ಹಾಗೂ ಹಾಸನ ಜಿಲ್ಲೆಯ ಗಾಜು ಉದ್ದಿಮೆಗೆ ಅದರಲ್ಲಿರುವ ಅವಕಾಶ

ಗುಂಡಿ ಒತ್ತಿದೊಡನೆ ಹಾಲಿನಂತೆ ಬೆಳ್ಳಗಿದ್ದ ಗಾಜು ತಿಳಿಯಾಗುವುದು, ಮತ್ತೆ ಒತ್ತಿದರೆ ಮೊದಲಿನಂತೆ ಮಸುಕಾಗುವುದು ಈಗ ಪ್ರದರ್ಶನ ಮಳಿಗೆಗಳ ಕೌತುಕವಾಗಿ ಉಳಿದಿಲ್ಲ. ದೊಡ್ಡ ನಗರಗಳ ಆಸ್ಪತ್ರೆ, ಹೋಟೆಲು ಮತ್ತು ಕಚೇರಿಗಳಲ್ಲಿ ಇಂತಹ ಗಾಜು ಬಳಕೆಗೆ ಬಂದಿದೆ. ಅಲ್ಲಿ ಅದನ್ನು ಕಂಡು ಬಂದ ಗ್ರಾಹಕನು ತನ್ನ ಊರಿನ ಗಾಜಿನ ಅಂಗಡಿಯಲ್ಲಿಯೇ ಅದರ ಬಗ್ಗೆ ವಿಚಾರಿಸುವುದು ಸಹಜ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳ ಗಾಜು ವರ್ತಕರು, ಅಲ್ಯೂಮಿನಿಯಂ ಚೌಕಟ್ಟು ತಯಾರಕರು ಹಾಗೂ ವಿದ್ಯುತ್ ಗುತ್ತಿಗೆದಾರರು ಈ ವಿಚಾರಣೆಗೆ ಕೊಡುವ ಉತ್ತರದ ಮೇಲೆ ಲಾಭವೂ ನಿಂತಿದೆ, ನಷ್ಟವೂ ನಿಂತಿದೆ. ಅರಿಯದೆ ಒಪ್ಪಿಕೊಂಡ ಒಂದು ಕೆಲಸ ಕೆಟ್ಟರೆ ಬಂಡವಾಳದೊಡನೆ ಅಂಗಡಿಯ ಹೆಸರೂ ಹೋಗುತ್ತದೆ. ಅರಿಯದೆ ನಿರಾಕರಿಸಿದರೆ ಆ ವ್ಯವಹಾರ ಬೆಂಗಳೂರಿನ ಪಾಲಾಗುತ್ತದೆ. ಆದುದರಿಂದ ಈ ತಂತ್ರಜ್ಞಾನದ ಮೂಲತತ್ತ್ವ, ಅದು ಮಾಡಬಲ್ಲ ಮತ್ತು ಮಾಡಲಾರದ ಕೆಲಸ, ಲೆಕ್ಕಾಚಾರದ ಕ್ರಮ ಹಾಗೂ ಸಣ್ಣ ಉದ್ದಿಮೆದಾರನು ಪ್ರವೇಶಿಸಬಹುದಾದ ಹಂತ ಇವುಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ದ್ರವಸ್ಫಟಿಕ ಎಂದರೇನು?

ವಸ್ತುವಿಗೆ ಘನ, ದ್ರವ, ಅನಿಲ ಎಂಬ ಮೂರು ಸ್ಥಿತಿಗಳೆಂದು ಶಾಲೆಯಲ್ಲಿ ಕಲಿಸಲಾಗುತ್ತದೆ. ಆದರೆ ಕೆಲವು ಸಾವಯವ ಪದಾರ್ಥಗಳು ಘನ ಮತ್ತು ದ್ರವಗಳ ನಡುವೆ ಇನ್ನೊಂದು ಸ್ಥಿತಿಯಲ್ಲಿಯೂ ಇರಬಲ್ಲವು. 1888ರಲ್ಲಿ ಪ್ರಾಗ್ ನಗರದಲ್ಲಿದ್ದ ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಜರ್ ಇದನ್ನು ಮೊದಲು ಗುರುತಿಸಿದರು. ಅವರು ಪರೀಕ್ಷಿಸುತ್ತಿದ್ದ ಕೊಲೆಸ್ಟೆರಿಲ್ ಬೆಂಜೋಯೇಟ್ ಎಂಬ ಪದಾರ್ಥವು 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮಸುಕು ದ್ರವವಾಯಿತು. 178.5 ಡಿಗ್ರಿಗೆ ಏರಿದಾಗ ಅದೇ ದ್ರವ ಸಂಪೂರ್ಣ ತಿಳಿಯಾಯಿತು. ಒಂದೇ ಪದಾರ್ಥಕ್ಕೆ ಎರಡು ಕರಗುವ ಬಿಂದುಗಳಿರುವಂತೆ ಕಂಡಿತು. ಜರ್ಮನಿಯ ಭೌತವಿಜ್ಞಾನಿ ಒಟ್ಟೊ ಲೇಮನ್ ಈ ಮಧ್ಯಸ್ಥಿತಿಯನ್ನು ಸೂಕ್ಷ್ಮದರ್ಶಕದ ಮೂಲಕ ಅಭ್ಯಸಿಸಿ, ಇದು ಹರಿಯುವ ಸ್ಫಟಿಕವೆಂದು ತಿಳಿಸಿದರು.

ಇದನ್ನು ಬೆಂಕಿಕಡ್ಡಿಗಳ ಉದಾಹರಣೆಯಿಂದ ಅರ್ಥಮಾಡಿಕೊಳ್ಳಬಹುದು. ಪೆಟ್ಟಿಗೆಯೊಳಗಿನ ಕಡ್ಡಿಗಳು ಹಿಂದೆ ಮುಂದೆ ಸರಿದಾಡಬಲ್ಲವು, ಆದರೆ ಎಲ್ಲವೂ ಒಂದೇ ದಿಕ್ಕಿಗೆ ಮಲಗಿರುತ್ತವೆ. ದ್ರವಸ್ಫಟಿಕದ ಉದ್ದನೆಯ ಅಣುಗಳೂ ಹೀಗೆಯೇ: ಸ್ಥಾನದಲ್ಲಿ ದ್ರವದ ಸ್ವಾತಂತ್ರ್ಯ, ದಿಕ್ಕಿನಲ್ಲಿ ಸ್ಫಟಿಕದ ಶಿಸ್ತು. ವಿದ್ಯುತ್ ಕ್ಷೇತ್ರವನ್ನು ಒಡ್ಡಿದರೆ ಅಣುಗಳು ತಮ್ಮ ದಿಕ್ಕನ್ನು ಬದಲಿಸುತ್ತವೆ. ದಿಕ್ಕು ಬದಲಾದಂತೆ ಅವುಗಳ ಮೂಲಕ ಹಾಯುವ ಬೆಳಕಿನ ವರ್ತನೆಯೂ ಬದಲಾಗುತ್ತದೆ. 1968ರಲ್ಲಿ ಅಮೆರಿಕದ ಆರ್‌ಸಿಎ ಸಂಸ್ಥೆಯಲ್ಲಿ ಜಾರ್ಜ್ ಹೈಲ್ಮೈಯರ್ ಮತ್ತು ಸಂಗಡಿಗರು ಪ್ರದರ್ಶಿಸಿದ ಫಲಕದಿಂದ ಹಿಡಿದು ಕೈಗಡಿಯಾರ, ಕ್ಯಾಲ್ಕುಲೇಟರ್, ಪೆಟ್ರೋಲ್ ಬಂಕಿನ ಅಂಕಿಫಲಕ, ದೂರದರ್ಶನಗಳವರೆಗೆ ಎಲ್ಲಕ್ಕೂ ಇದೇ ಗುಣ ಆಧಾರವಾಗಿದೆ. ಕಿಟಕಿಯು ಅದೇ ತತ್ತ್ವದ ಇನ್ನೊಂದು ಅನ್ವಯ.

ಕರ್ನಾಟಕದ ಕೊಡುಗೆ

ಈ ವಿಜ್ಞಾನವು ಕರ್ನಾಟಕಕ್ಕೆ ಹೊರಗಿನದಲ್ಲ ಎಂಬುದನ್ನು ಉದ್ದಿಮೆದಾರರು ತಿಳಿದಿರಬೇಕು. ಸರ್ ಸಿ.ವಿ. ರಾಮನ್ ಅವರ ಸೋದರಳಿಯರಾದ ಪ್ರೊ. ಎಸ್. ಚಂದ್ರಶೇಖರ್ 1961ರಿಂದ 1971ರವರೆಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ತೆರಳಿ ಅಲ್ಲಿ ದ್ರವಸ್ಫಟಿಕ ಪ್ರಯೋಗಾಲಯವನ್ನು ಕಟ್ಟಿದರು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರು ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂಬುದನ್ನು ತೋರಿಸಿದರು. ಅದುವರೆಗೆ ಕಡ್ಡಿಯಾಕಾರದ ಅಣುಗಳಿಗಷ್ಟೇ ಈ ಗುಣವಿದೆಯೆಂದು ಭಾವಿಸಲಾಗಿತ್ತು. ಅದೇ ವರ್ಷ ಪ್ರಕಟವಾದ ಚಂದ್ರಶೇಖರ್ ಅವರ ಗ್ರಂಥವು ಈ ಶಾಸ್ತ್ರದ ಪ್ರಮಾಣಗ್ರಂಥವಾಯಿತು. 1994ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ರಾಯಲ್ ಪದಕ ಅವರಿಗೆ ದೊರೆಯಿತು. 2004ರಲ್ಲಿ ಅವರು ನಿಧನರಾದರು.

ನಿವೃತ್ತಿಯ ನಂತರ 1991ರಲ್ಲಿ ಅವರು ಬೆಂಗಳೂರಿನ ಜಾಲಹಳ್ಳಿಯಲ್ಲಿ ದ್ರವಸ್ಫಟಿಕ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಅದೇ ಸಂಸ್ಥೆಯು ಮುಂದೆ 2014ರಲ್ಲಿ ನ್ಯಾನೊ ಮತ್ತು ಮೃದುವಸ್ತು ವಿಜ್ಞಾನ ಕೇಂದ್ರವೆಂದು ಹೆಸರಾಗಿ, ಸೆನ್ಸ್ ಎಂಬ ಸಂಕ್ಷಿಪ್ತನಾಮದಿಂದ ಪರಿಚಿತವಾಗಿದೆ. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗೆ ಸೇರಿದ ಈ ಸಂಸ್ಥೆ ಈಗ ಬೆಂಗಳೂರು ಉತ್ತರದ ದಾಸನಪುರ ಹೋಬಳಿಯ ಶಿವನಪುರದಲ್ಲಿದೆ.

ಆದರೆ ಸಂಶೋಧನೆ ಒಂದೆಡೆ, ಅದರ ಲಾಭ ಇನ್ನೊಂದೆಡೆ ಎಂಬುದಕ್ಕೂ ಈ ಚರಿತ್ರೆಯೇ ಸಾಕ್ಷಿ. ಬೆಂಗಳೂರಿನಲ್ಲಿ ಕಂಡುಹಿಡಿದ ತಟ್ಟೆಯಾಕಾರದ ದ್ರವಸ್ಫಟಿಕವನ್ನು ಬಳಸಿ, ಎಲ್‌ಸಿಡಿ ಪರದೆಯು ಪಕ್ಕದಿಂದ ನೋಡಿದರೂ ಸ್ಪಷ್ಟವಾಗಿ ಕಾಣುವಂತೆ ಮಾಡುವ ಫಿಲ್ಮನ್ನು 1990ರ ದಶಕದಲ್ಲಿ ಮಾರುಕಟ್ಟೆಗೆ ತಂದದ್ದು ಜಪಾನಿನ ಫ್ಯೂಜಿ ಸಂಸ್ಥೆ. ಪ್ರಯೋಗಾಲಯ ಮತ್ತು ಕಾರ್ಖಾನೆಗಳ ನಡುವಿನ ಕೊಂಡಿ ದುರ್ಬಲವಾಗಿದ್ದರೆ ಹೀಗಾಗುತ್ತದೆ. ಕಿಟಕಿಯ ವಿಷಯದಲ್ಲಿಯೂ ಇದು ಮರುಕಳಿಸದಿರಬೇಕಾದರೆ ಬಳಕೆಯ ತುದಿಯಲ್ಲಿರುವ ಸಣ್ಣ ಉದ್ದಿಮೆದಾರನಿಗೂ ವಿಷಯಜ್ಞಾನ ಇರಬೇಕಾಗುತ್ತದೆ.

ಕಿಟಕಿಯ ರಚನೆ ಮತ್ತು ಕಾರ್ಯವಿಧಾನ

ಮಾರುಕಟ್ಟೆಯಲ್ಲಿ ಹೆಚ್ಚಾಗಿ ದೊರೆಯುವ ದ್ರವಸ್ಫಟಿಕ ಕಿಟಕಿಯನ್ನು ವ್ಯವಹಾರದಲ್ಲಿ ಪಿಡಿಎಲ್‌ಸಿ ಎಂದು ಕರೆಯುತ್ತಾರೆ. ಪಾಲಿಮರ್‌ನಲ್ಲಿ ಚದುರಿಸಿದ ದ್ರವಸ್ಫಟಿಕ ಎಂಬುದು ಇದರ ಅರ್ಥ. 1980ರ ದಶಕದಲ್ಲಿ ಅಮೆರಿಕದ ಜೇಮ್ಸ್ ಫರ್ಗಸನ್ ಹಾಗೂ ಕೆಂಟ್ ಸ್ಟೇಟ್ ವಿಶ್ವವಿದ್ಯಾನಿಲಯದ ವಿಲಿಯಂ ಡೋನ್ ಮತ್ತು ಸಂಗಡಿಗರು ಈ ಬಗೆಯ ಫಿಲ್ಮುಗಳನ್ನು ರೂಪಿಸಿದರು.

ಇದರ ಪದರಗಳು ಹೀಗಿವೆ: ಮಧ್ಯದಲ್ಲಿ ಸುಮಾರು 10ರಿಂದ 20 ಮೈಕ್ರಾನ್ ದಪ್ಪದ ಪಾಲಿಮರ್ ಪದರ. ಅದರೊಳಗೆ ಒಂದು ಮೈಕ್ರಾನಿನ ಆಸುಪಾಸಿನ ಗಾತ್ರದ ಅಸಂಖ್ಯಾತ ದ್ರವಸ್ಫಟಿಕ ಹನಿಗಳು. ಇದರ ಎರಡೂ ಬದಿಗೆ ಪಾರದರ್ಶಕ ಪಾಲಿಯೆಸ್ಟರ್ ಹಾಳೆ. ಆ ಹಾಳೆಯ ಒಳಮೈಗೆ ವಿದ್ಯುತ್ತನ್ನು ಹರಿಸಬಲ್ಲ, ಆದರೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೇಪ. ಈ ಲೇಪವು ಸಾಮಾನ್ಯವಾಗಿ ಇಂಡಿಯಂ ಮತ್ತು ತವರದ ಆಕ್ಸೈಡ್, ಅಂದರೆ ಐಟಿಒ. ಎರಡು ಲೇಪಗಳಿಗೂ ಅಂಚಿನಲ್ಲಿ ತಾಮ್ರದ ಪಟ್ಟಿಯನ್ನು ಅಂಟಿಸಿ ತಂತಿ ಜೋಡಿಸಲಾಗುತ್ತದೆ.

ವಿದ್ಯುತ್ ಇಲ್ಲದಿರುವಾಗ ಪ್ರತಿಯೊಂದು ಹನಿಯೊಳಗಿನ ಅಣುಗಳು ಬೇರೆ ಬೇರೆ ದಿಕ್ಕಿಗೆ ಮುಖಮಾಡಿರುತ್ತವೆ. ಹನಿಯ ವಕ್ರೀಭವನಾಂಕಕ್ಕೂ ಸುತ್ತಲಿನ ಪಾಲಿಮರ್‌ನ ವಕ್ರೀಭವನಾಂಕಕ್ಕೂ ಹೊಂದಿಕೆ ಇರುವುದಿಲ್ಲ. ಬೆಳಕು ಪ್ರತಿ ಹನಿಯಲ್ಲಿಯೂ ತಿರುಗಿ ಚದುರಿ, ಗಾಜು ಹಾಲಿನ ಬಣ್ಣ ತಾಳುತ್ತದೆ. ವಿದ್ಯುತ್ ಹಾಯಿಸಿದಾಗ ಅಣುಗಳೆಲ್ಲ ಗಾಜಿನ ಮೈಗೆ ಲಂಬವಾಗಿ ಸಾಲುಗೊಳ್ಳುತ್ತವೆ. ಆಗ ಎರಡರ ವಕ್ರೀಭವನಾಂಕಗಳೂ ಒಂದಾಗುವಂತೆ ಪಾಲಿಮರನ್ನು ಆರಿಸಿರುವುದರಿಂದ ಬೆಳಕು ತಡೆಯಿಲ್ಲದೆ ನೇರವಾಗಿ ಹಾಯ್ದು ಗಾಜು ತಿಳಿಯಾಗುತ್ತದೆ. ಬೋಂಡದ ಎಣ್ಣೆ ತಗುಲಿದ ಕಾಗದದಲ್ಲಿ ಇದೇ ತತ್ತ್ವವನ್ನು ಕಾಣಬಹುದು. ಕಾಗದದ ನಾರುಗಳ ನಡುವಿನ ಗಾಳಿಯ ಜಾಗವನ್ನು ನಾರಿಗೆ ಹತ್ತಿರದ ವಕ್ರೀಭವನಾಂಕವುಳ್ಳ ಎಣ್ಣೆ ತುಂಬುವುದರಿಂದ ಬೆಳಕಿನ ಚದುರುವಿಕೆ ಕಡಿಮೆಯಾಗಿ, ಆ ಭಾಗ ಅರೆಪಾರದರ್ಶಕವಾಗುತ್ತದೆ.

ಇದರಿಂದ ತಿಳಿಯಬೇಕಾದ ಮುಖ್ಯ ಸಂಗತಿ ಒಂದಿದೆ. ಗಾಜು ತಿಳಿಯಾಗಿರುವಷ್ಟು ಹೊತ್ತೂ ವಿದ್ಯುತ್ ಬೇಕು. ವಿದ್ಯುತ್ ಹೋದೊಡನೆ ಗಾಜು ಮಸುಕಾಗುತ್ತದೆ. ಮರೆ ಬಯಸುವ ಸ್ಥಳದಲ್ಲಿ ಇದು ಗುಣ. ಸದಾ ತಿಳಿಯಾಗಿರಬೇಕಾದ ಸ್ಥಳದಲ್ಲಿ ಇದು ದೋಷ.

ಏನು ಮಾಡಬಲ್ಲದು, ಏನು ಮಾಡಲಾರದು

ಈ ಗಾಜಿನ ಮಾರಾಟದಲ್ಲಿ ತಕರಾರುಗಳು ಹುಟ್ಟುವುದು ಬಹುಮಟ್ಟಿಗೆ ಅತಿಯಾದ ಭರವಸೆಯಿಂದ. ಆದುದರಿಂದ ಕೆಳಗಿನ ಅಂಶಗಳನ್ನು ವರ್ತಕನು ಸ್ಪಷ್ಟವಾಗಿ ತಿಳಿದು ಗ್ರಾಹಕನಿಗೂ ತಿಳಿಸಬೇಕು.

1. ಇದು ಮರೆಯನ್ನು ಕೊಡುತ್ತದೆ, ಕತ್ತಲೆಯನ್ನು ಕೊಡುವುದಿಲ್ಲ. ಮಸುಕಾಗಿರುವಾಗಲೂ ಬೆಳಕಿನ ಬಹುಪಾಲು ಒಳಗೆ ಬರುತ್ತದೆ, ಚದುರಿ ಬರುತ್ತದೆ ಅಷ್ಟೆ. ಮಲಗುವ ಕೋಣೆಗೆ ಕತ್ತಲೆ ಬೇಕೆಂದು ಕೇಳುವವನಿಗೆ ಪರದೆಯೇ ಸರಿ.

2. ಬಿಸಿಲಿನ ತಾಪವನ್ನು ಇದು ಹೆಚ್ಚಾಗಿ ತಡೆಯುವುದಿಲ್ಲ. ಹನಿಗಳು ಬೆಳಕನ್ನು ಹಿಂದಕ್ಕೆ ಎಸೆಯುವುದಕ್ಕಿಂತ ಹೆಚ್ಚಾಗಿ ಮುಂದಕ್ಕೇ ಚದುರಿಸುತ್ತವೆ. ಬೆಳಕಿನೊಂದಿಗೆ ಶಾಖವೂ ಒಳಬರುತ್ತದೆ. ಹವಾನಿಯಂತ್ರಣದ ಖರ್ಚು ಅರ್ಧಕ್ಕಿಳಿಯುತ್ತದೆ ಎಂಬಂತಹ ಮಾತನ್ನು ಕೇವಲ ಪಿಡಿಎಲ್‌ಸಿ ಫಿಲ್ಮಿನ ಆಧಾರದ ಮೇಲೆ ಆಡಬಾರದು. ತಾಪ ತಡೆಯಲು ಅದಕ್ಕೆಂದೇ ಲೇಪಿಸಿದ ಗಾಜನ್ನು ಹೊರಬದಿಗೆ ಬಳಸಬೇಕಾಗುತ್ತದೆ.

3. ಮಸುಕಾದ ಗಾಜಿಗೆ ತೀರ ಹತ್ತಿರ ನಿಂತವರ ನೆರಳು ಆಚೆಗೆ ಕಾಣುತ್ತದೆ. ದೂರ ಹೋದಂತೆ ಆಕೃತಿ ಕರಗುತ್ತದೆ. ಚಿಕಿತ್ಸಾಲಯದ ಪರೀಕ್ಷಾ ಮಂಚವನ್ನು ಗಾಜಿಗೆ ತಾಗಿಸಿ ಇಡದೆ ಕೆಲವು ಅಡಿ ಹಿಂದಕ್ಕೆ ಇಡುವಂತೆ ಮೊದಲೇ ಸಲಹೆ ಮಾಡುವುದು ಒಳಿತು.

4. ತಿಳಿಯಾದ ಸ್ಥಿತಿಯಲ್ಲಿಯೂ ಸಾಮಾನ್ಯ ಗಾಜಿನಷ್ಟು ಶುಭ್ರತೆ ಇರುವುದಿಲ್ಲ. ಓರೆಯಾಗಿ ನೋಡಿದರೆ ತೆಳುಮಂಜು ಕಾಣುತ್ತದೆ. ಅಣುಗಳು ಸಾಲುಗೊಂಡಿರುವುದು ನೇರ ದಿಕ್ಕಿಗಾದುದರಿಂದ, ಓರೆಯಲ್ಲಿ ವಕ್ರೀಭವನಾಂಕಗಳ ಹೊಂದಿಕೆ ತಪ್ಪುತ್ತದೆ. ಇದು ತಯಾರಿಕೆಯ ದೋಷವಲ್ಲ, ವಸ್ತುವಿನ ಸ್ವಭಾವ.

5. ಮಸುಕಾದ ಗಾಜು ಹಿಂಬದಿಯಿಂದ ಪ್ರೊಜೆಕ್ಟರ್ ಚಿತ್ರ ಬೀಳಿಸುವ ಪರದೆಯಾಗಿಯೂ ಕೆಲಸ ಮಾಡುತ್ತದೆ. ಅಂಗಡಿಯ ಮುಂಭಾಗದ ಗಾಜಿನಲ್ಲಿ ಸಂಜೆಯ ನಂತರ ಜಾಹೀರಾತು ತೋರಿಸಲು ಇದು ಅನುಕೂಲ.

ಇತರ ಬಗೆಗಳೊಡನೆ ಹೋಲಿಕೆ

ಸ್ಮಾರ್ಟ್ ಗಾಜು ಎಂಬ ಒಂದೇ ಹೆಸರಿನಲ್ಲಿ ಹಲವು ಬಗೆಯ ಸರಕು ಮಾರಾಟವಾಗುತ್ತಿವೆ. ಟಂಗ್‌ಸ್ಟನ್ ಆಕ್ಸೈಡ್ ಮುಂತಾದ ಲೇಪಗಳಿಂದ ಕೆಲಸ ಮಾಡುವ ಎಲೆಕ್ಟ್ರೋಕ್ರೋಮಿಕ್ ಗಾಜು ನಿಧಾನವಾಗಿ ನೀಲಿಗೆ ತಿರುಗಿ ಬೆಳಕನ್ನೂ ಬಿಸಿಲಿನ ತಾಪವನ್ನೂ ತಗ್ಗಿಸುತ್ತದೆ. ಬೋಯಿಂಗ್ 787 ವಿಮಾನದ ಕಿಟಕಿಗಳಲ್ಲಿ ಈ ಬಗೆಯದನ್ನು ಬಳಸಲಾಗಿದೆ. ಬಣ್ಣ ಬದಲಾಗಲು ನಿಮಿಷಗಳೇ ಬೇಕು, ಆದರೆ ಬದಲಾದ ಮೇಲೆ ಹೆಚ್ಚು ವಿದ್ಯುತ್ ಬೇಡ. ಅದು ಕಪ್ಪಾದರೂ ಆರ್‌ಪಾರ್ ಕಾಣುತ್ತದೆಯಾದ್ದರಿಂದ ಸಂಪೂರ್ಣ ಮರೆಯನ್ನು ಕೊಡುವುದಿಲ್ಲ. ಉಷ್ಣತೆಗೆ ತಾನಾಗಿ ಬದಲಾಗುವ ಗಾಜಿಗೆ ವನೇಡಿಯಂ ಡೈಆಕ್ಸೈಡ್ ಪ್ರಸಿದ್ಧ ಪದಾರ್ಥ. ಶುದ್ಧ ರೂಪದಲ್ಲಿ ಅದು ಬದಲಾಗುವುದು ಸುಮಾರು 68 ಡಿಗ್ರಿಯಲ್ಲಿ. ಅಷ್ಟು ಬಿಸಿ ಕಿಟಕಿಗೆ ತಗಲುವುದಿಲ್ಲವಾದ್ದರಿಂದ ಆ ಬಿಂದುವನ್ನು ಇಳಿಸಲು ಬೇರೆ ಧಾತುಗಳನ್ನು ಬೆರೆಸುತ್ತಾರೆ.

ದ್ರವಸ್ಫಟಿಕಕ್ಕೆ ಬಣ್ಣದ ಅಣುಗಳನ್ನು ಸೇರಿಸಿ, ಚದುರಿಸದೆ ಬೆಳಕನ್ನು ಹೀರುವಂತೆ ಮಾಡುವ ಬಗೆಯೂ ಇದೆ. ಜರ್ಮನಿಯ ಮರ್ಕ್ ಸಂಸ್ಥೆಯು 2017ರಲ್ಲಿ ನೆದರ್‌ಲೆಂಡ್ಸ್‌ನ ವೆಲ್ಡ್‌ಹೋವನ್‌ನಲ್ಲಿ ಇಂತಹ ಕಿಟಕಿಯ ತಯಾರಿಕಾ ಘಟಕ ತೆರೆಯಿತು. ಇದು ಕ್ಷಣದಲ್ಲಿ ಬದಲಾಗುತ್ತದೆ ಹಾಗೂ ತಾಪವನ್ನೂ ತಗ್ಗಿಸುತ್ತದೆ, ಆದರೆ ತಯಾರಿಕೆ ಜಟಿಲ. ಗ್ರಾಹಕನು ಕೇಳುತ್ತಿರುವುದು ಮರೆಯನ್ನೋ, ನೆರಳನ್ನೋ, ತಂಪನ್ನೋ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳದೆ ದರಪಟ್ಟಿ ಕೊಡುವುದು ಜಾಣತನವಲ್ಲ. ಗಾಜು ಸದಾ ಮಸುಕಾಗಿಯೇ ಇರಬಹುದಾದ ಸ್ಥಳಕ್ಕೆ ಫ್ರಾಸ್ಟೆಡ್ ಗಾಜೇ ಸಾಕೆಂದು ಹೇಳುವ ವರ್ತಕನು ಆ ದಿನದ ಮಾರಾಟವನ್ನು ಕಳೆದುಕೊಂಡರೂ ಗ್ರಾಹಕನನ್ನು ಉಳಿಸಿಕೊಳ್ಳುತ್ತಾನೆ.

ಲೆಕ್ಕಾಚಾರದ ಕ್ರಮ

ಮೊದಲು ವಿದ್ಯುತ್ತಿನ ಲೆಕ್ಕ. ಪಿಡಿಎಲ್‌ಸಿ ಫಿಲ್ಮಿಗೆ ಚದರ ಮೀಟರಿಗೆ ಕೆಲವೇ ವಾಟ್ ಸಾಕು. ಚದರ ಮೀಟರಿಗೆ 5 ವಾಟ್ ಎಂದು ಇಟ್ಟುಕೊಳ್ಳೋಣ. 0.9 ಮೀಟರ್ ಅಗಲ, 2.1 ಮೀಟರ್ ಎತ್ತರದ ಒಂದು ಬಾಗಿಲಿನ ವಿಸ್ತೀರ್ಣ 1.89 ಚದರ ಮೀಟರ್. ಅಂತಹ ಮೂರು ಬಾಗಿಲುಗಳಿಗೆ 5.67 ಚದರ ಮೀಟರ್, ಅಂದರೆ ಸುಮಾರು 28 ವಾಟ್. ದಿನಕ್ಕೆ 10 ಗಂಟೆಯಂತೆ ತಿಂಗಳಿಗೆ 26 ದಿನ ತಿಳಿಯಾಗಿಟ್ಟರೆ 7ರಿಂದ 8 ಯೂನಿಟ್. ಟ್ರಾನ್ಸ್‌ಫಾರ್ಮರಿನ ಸ್ವಂತ ನಷ್ಟ ಇದಕ್ಕೆ ಸೇರುತ್ತದೆ. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಬಿಲ್ಲಿನಲ್ಲಿ ಇದು ದೊಡ್ಡ ಬಾಬಲ್ಲ. ಹೀಗಾಗಿ ಗ್ರಾಹಕನ ಚಿಂತೆ ವಿದ್ಯುತ್ ಖರ್ಚಾಗಬೇಕಿಲ್ಲ. ಮೊದಲ ಬೆಲೆ ಮತ್ತು ಬಾಳಿಕೆ ಇವೇ ವಿಚಾರ ಮಾಡತಕ್ಕ ವಿಷಯಗಳು.

ಎರಡನೆಯದು ವ್ಯರ್ಥದ ಲೆಕ್ಕ. ಲಾಭ ಸೋರಿಹೋಗುವುದು ಇಲ್ಲಿಯೇ. ಫಿಲ್ಮು ಸುರುಳಿಯಾಗಿ ಬರುತ್ತದೆ. ಸುರುಳಿಯ ಅಗಲ 1.2 ಮೀಟರ್ ಎಂದು ಭಾವಿಸಿದರೆ, ಮೇಲಿನ ಬಾಗಿಲಿಗೆ 2.1 ಮೀಟರ್ ಉದ್ದ ಕತ್ತರಿಸಿದಾಗ ಖರ್ಚಾದ ಫಿಲ್ಮು 2.52 ಚದರ ಮೀಟರ್, ಬಳಕೆಯಾದದ್ದು 1.89. ಉಳಿದ 0.63 ಚದರ ಮೀಟರ್, ಅಂದರೆ ಶೇಕಡ 25, ಉದ್ದನೆಯ ಪಟ್ಟಿಯಾಗಿ ಉಳಿಯುತ್ತದೆ. ಗಾಜಿನ ತುಂಡಿನಂತೆ ಅದನ್ನು ಬೇರೆ ಕಿಟಕಿಗೆ ಹೊಂದಿಸುವುದು ಸುಲಭವಲ್ಲ. ಪ್ರತಿ ತುಂಡಿಗೂ ಪ್ರತ್ಯೇಕ ವಿದ್ಯುತ್ ಅಂಚು ಬೇಕು, ಜೋಡಿಸಿದ ಗೆರೆಯೂ ಕಾಣುತ್ತದೆ. ಶೇಕಡ 25 ವ್ಯರ್ಥವಾದರೆ ಬಳಕೆಯಾದ ಚದರ ಅಡಿಗೆ ಬೀಳುವ ಅಸಲು ಬೆಲೆ ಕೊಂಡ ಬೆಲೆಗಿಂತ ಮೂರನೆಯ ಒಂದು ಭಾಗ ಹೆಚ್ಚಾಗುತ್ತದೆ. ಚದರ ಅಡಿಗೆ 300 ರೂಪಾಯಿಗೆ ಕೊಂಡದ್ದೆಂದು ಊಹಿಸಿದರೆ ಅಸಲು 400 ರೂಪಾಯಿ. ಚದರ ಅಡಿಯ ದರವನ್ನು ಕಣ್ಣಂದಾಜಿನಲ್ಲಿ ಹೇಳಿಬಿಡುವ ರೂಢಿ ಇಲ್ಲಿ ನಡೆಯದು. ಬಾಗಿಲು ಕಿಟಕಿಗಳ ಅಳತೆ ತೆಗೆದು, ಸುರುಳಿಯ ಅಗಲಕ್ಕೆ ಕತ್ತರಿಯ ನಕ್ಷೆ ಬರೆದು, ಅನಂತರ ದರ ನೀಡುವುದೇ ಕ್ಷೇಮ.

ಜೋಡಣೆಯಲ್ಲಿ ವಹಿಸಬೇಕಾದ ಎಚ್ಚರಿಕೆಗಳು

ಫಿಲ್ಮು ಎರಡು ರೂಪಗಳಲ್ಲಿ ದೊರೆಯುತ್ತದೆ. ಒಂದು, ಈಗಾಗಲೇ ಇರುವ ಗಾಜಿಗೆ ಅಂಟಿಸುವ ಸ್ವಯಂ ಅಂಟಿನ ಫಿಲ್ಮು. ಇನ್ನೊಂದು, ಎರಡು ಗಾಜುಗಳ ನಡುವೆ ಇವಿಎ ಹಾಳೆಗಳನ್ನಿಟ್ಟು ನಿರ್ವಾತದಲ್ಲಿ ನೂರು ಡಿಗ್ರಿಗೂ ಮೇಲ್ಪಟ್ಟ ಶಾಖದಿಂದ ಬೆಸೆದ ಲ್ಯಾಮಿನೇಟೆಡ್ ಗಾಜು. ಮೊದಲನೆಯದಕ್ಕೆ ಬಂಡವಾಳ ಕಡಿಮೆ, ಕೈಚಳಕ ಹೆಚ್ಚು ಬೇಕು. ಎರಡನೆಯದು ಬಾಳಿಕೆ ಬರುತ್ತದೆ, ಆದರೆ ಒಲೆ ಮತ್ತು ನಿರ್ವಾತ ಯಂತ್ರ ಬೇಕು. ಸುರಕ್ಷಾ ಗಾಜಿಗೆ ಭಾರತೀಯ ಮಾನಕ ಐಎಸ್ 2553 ಅನ್ವಯಿಸುತ್ತದೆ ಎಂಬುದನ್ನು ನೆನಪಿಡಬೇಕು. ಯಾವ ರೂಪವಾದರೂ ಈ ಕೆಳಗಿನವು ಸಾಮಾನ್ಯ.

ಅಂಚಿನ ರಕ್ಷಣೆ: ಫಿಲ್ಮು ಮೊದಲು ಕೆಡುವುದು ಅಂಚಿನಲ್ಲಿ, ತೇವದಿಂದ. ಚನ್ನರಾಯಪಟ್ಟಣದ ಬಯಲುಸೀಮೆಗಿಂತ ಮಲೆನಾಡಿಗೆ ಸಮೀಪವಾದ ಅರಕಲಗೂಡಿನ ಕಡೆ ಮಳೆಗಾಲದಲ್ಲಿ ಈ ವಿಷಯಕ್ಕೆ ಹೆಚ್ಚು ಗಮನ ಬೇಕು. ಅಂಚು ಮುಚ್ಚಲು ತಟಸ್ಥ ಬಗೆಯ ಸಿಲಿಕೋನನ್ನೇ ಬಳಸಬೇಕು. ಕಿಟಕಿ ಕೆಲಸಕ್ಕೆ ರೂಢಿಯಲ್ಲಿರುವ, ವಿನೆಗರ್ ವಾಸನೆಯ ಸಿಲಿಕೋನ್ ಒಣಗುವಾಗ ಆಮ್ಲವನ್ನು ಬಿಡುತ್ತದೆ. ಅದು ಲೇಪವನ್ನೂ ತಾಮ್ರದ ಪಟ್ಟಿಯನ್ನೂ ತಿನ್ನುತ್ತದೆ. ಟ್ಯೂಬಿನ ಬೆಲೆಯಲ್ಲಿ ಉಳಿಸಿದ ಹಣ ಇಡೀ ಫಲಕವನ್ನು ಕೆಡಿಸಬಲ್ಲದು.

ವಿದ್ಯುತ್: ಫಿಲ್ಮಿಗೆ ಬೇಕಾದುದು ಸಾಮಾನ್ಯವಾಗಿ 40ರಿಂದ 70 ವೋಲ್ಟಿನ ಪರ್ಯಾಯ ವಿದ್ಯುತ್. ನೇರ ವಿದ್ಯುತ್ ಕೊಟ್ಟರೆ ಒಳಗಿನ ಅಯಾನುಗಳು ಒಂದೇ ಬದಿಗೆ ಸೇರಿ ಫಿಲ್ಮು ಕೆಡುತ್ತದೆ. ತಯಾರಕರು ಸೂಚಿಸಿದ ಟ್ರಾನ್ಸ್‌ಫಾರ್ಮರನ್ನೇ ಬಳಸಬೇಕು. ಫಿಲ್ಮು ವಿದ್ಯುತ್ತಿನ ದೃಷ್ಟಿಯಿಂದ ದೊಡ್ಡದೊಂದು ಕೆಪಾಸಿಟರ್ ಆಗಿರುವುದರಿಂದ ಟ್ರಾನ್ಸ್‌ಫಾರ್ಮರನ್ನು ವಾಟ್ ಲೆಕ್ಕದಲ್ಲಿ ಆರಿಸದೆ ವೋಲ್ಟ್-ಆಂಪಿಯರ್ ಲೆಕ್ಕದಲ್ಲಿ ಆರಿಸಬೇಕು. 60 ವೋಲ್ಟ್ ಎಂಬುದು ಮುಟ್ಟಿದರೆ ಅಪಾಯವಿಲ್ಲದ ಪ್ರಮಾಣವಲ್ಲ. ಆದುದರಿಂದ ಈ ಕೆಲಸವನ್ನು ಪರವಾನಗಿ ಹೊಂದಿದ ವಿದ್ಯುತ್ ಕೆಲಸಗಾರನಿಂದಲೇ ಮಾಡಿಸತಕ್ಕದ್ದು. ಸ್ನಾನಗೃಹದ ಗಾಜಿಗೆ ಇದು ಇನ್ನೂ ಮುಖ್ಯ.

ಪರೀಕ್ಷೆ: ಸರಕು ಬಂದಾಗ ಅಂಟಿಸುವ ಮೊದಲೇ ವಿದ್ಯುತ್ ಕೊಟ್ಟು, ಎರಡೂ ಸ್ಥಿತಿಗಳಲ್ಲಿ ಕಲೆ, ಗೆರೆ, ಮಿನುಗುವಿಕೆ ಇವೆಯೇ ಎಂದು ನೋಡಬೇಕು. ಒಂದು ಹಗಲು ಒಂದು ರಾತ್ರಿ ಎಡೆಬಿಡದೆ ಚಾಲನೆಯಲ್ಲಿಟ್ಟು ನೋಡುವುದು ಒಳ್ಳೆಯ ಅಭ್ಯಾಸ. ಅಂಟಿಸಿದ ನಂತರ ಕಂಡ ದೋಷವು ಸರಬರಾಜುದಾರನದೋ, ಜೋಡಿಸಿದವನದೋ ಎಂಬ ವಾದಕ್ಕೆ ಕೊನೆ ಇರುವುದಿಲ್ಲ.

ನಾಲ್ಕು ಊರುಗಳಲ್ಲಿ ಬೇಡಿಕೆಯ ಸಾಧ್ಯತೆ

ಜಿಲ್ಲಾ ಕೇಂದ್ರವಾದ ಹಾಸನದಲ್ಲಿ ವೈದ್ಯಕೀಯ ಕಾಲೇಜು, ಖಾಸಗಿ ಆಸ್ಪತ್ರೆಗಳು, ಬ್ಯಾಂಕುಗಳು ಮತ್ತು ಹೋಟೆಲುಗಳು ಇವೆ. 2023ರಲ್ಲಿ ಬೇಲೂರು, ಹಳೇಬೀಡುಗಳ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿಗೆ ಬರುವ ಪ್ರವಾಸಿಗರಿಗೆ ಹಾಸನವೇ ತಂಗುದಾಣ. ಹೋಟೆಲಿನ ಕೋಣೆ ಮತ್ತು ಸ್ನಾನಗೃಹದ ನಡುವಣ ಗಾಜು ಈ ಫಿಲ್ಮಿನ ಪ್ರಚಲಿತ ಬಳಕೆಗಳಲ್ಲಿ ಒಂದು. ಶ್ರವಣಬೆಳಗೊಳವನ್ನು ಒಳಗೊಂಡ, ರಾಷ್ಟ್ರೀಯ ಹೆದ್ದಾರಿ 75ರ ಮೇಲಿರುವ ಚನ್ನರಾಯಪಟ್ಟಣಕ್ಕೂ ವಸತಿಗೃಹ ಮತ್ತು ಮಳಿಗೆಗಳ ಬೇಡಿಕೆ ಸಹಜ. ಹೊಳೆನರಸೀಪುರ ಮತ್ತು ಅರಕಲಗೂಡುಗಳಲ್ಲಿ ನರ್ಸಿಂಗ್ ಹೋಂ, ಸ್ಕ್ಯಾನಿಂಗ್ ಕೇಂದ್ರ, ಚಿನ್ನಾಭರಣದ ಅಂಗಡಿ, ಸಹಕಾರ ಸಂಘದ ಸಭಾಕೊಠಡಿ ಇಂತಹ ಸಣ್ಣ ಕೆಲಸಗಳಿಗೆ ಅವಕಾಶವಿರಬಹುದು.

ಆದರೆ ಇಲ್ಲಿ ವಾಸ್ತವದೃಷ್ಟಿ ಬೇಕು. ಈ ಊರುಗಳಲ್ಲಿ ಹಣದ ಓಡಾಟ ಆಲೂಗೆಡ್ಡೆ, ತೆಂಗು, ತಂಬಾಕುಗಳ ಹಂಗಾಮನ್ನು ಅನುಸರಿಸುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ತಂಬಾಕು ಹರಾಜು ನಡೆಯುವ ತಿಂಗಳುಗಳಿಗೂ ಮುಂಗಾರಿನ ತಿಂಗಳುಗಳಿಗೂ ಅಂಗಡಿಯ ಲೆಕ್ಕದಲ್ಲಿರುವ ವ್ಯತ್ಯಾಸವನ್ನು ಅಲ್ಲಿನ ವರ್ತಕರಿಗೆ ಹೇಳಬೇಕಾಗಿಲ್ಲ. ದುಬಾರಿ ಫಿಲ್ಮಿನ ಸುರುಳಿಯನ್ನು ಕೊಂಡು ದಾಸ್ತಾನು ಇಟ್ಟರೆ ಬಂಡವಾಳ ನಿಂತುಹೋಗುತ್ತದೆ, ದಾಸ್ತಾನಿನಲ್ಲಿಯೇ ಫಿಲ್ಮು ತೇವ ಹೀರುವ ಭಯವೂ ಇದೆ. ಆರ್ಡರು ಮತ್ತು ಮುಂಗಡ ಕೈಗೆ ಬಂದ ನಂತರ, ಅಳತೆಗೆ ತಕ್ಕಂತೆ ಕತ್ತರಿಸಿ ತರಿಸುವುದೇ ಆರಂಭಕ್ಕೆ ಸೂಕ್ತ ಮಾರ್ಗ.

ಸಣ್ಣ ಉದ್ದಿಮೆದಾರನು ಯಾವ ಹಂತದಲ್ಲಿ ಪ್ರವೇಶಿಸಬೇಕು?

ದ್ರವಸ್ಫಟಿಕ ರಾಸಾಯನಿಕದ ತಯಾರಿಕೆ ಮತ್ತು ಫಿಲ್ಮಿನ ಲೇಪನ ಕಾರ್ಯ ದೊಡ್ಡ ಬಂಡವಾಳ ಹಾಗೂ ಧೂಳುರಹಿತ ಕೊಠಡಿಗಳನ್ನು ಬೇಡುತ್ತವೆ. ಸಣ್ಣ ಉದ್ದಿಮೆಗೆ ಅದು ತಕ್ಕುದಲ್ಲ. ಸೂಕ್ತವಾದ ಹಂತಗಳು ಮೂರು.

ಮೊದಲ ಹಂತ ಅಳತೆ, ಜೋಡಣೆ ಮತ್ತು ದುರಸ್ತಿ. ಈಗಾಗಲೇ ಗಾಜು ಮತ್ತು ಅಲ್ಯೂಮಿನಿಯಂ ಕೆಲಸ ಮಾಡುತ್ತಿರುವವರು ವಿದ್ಯುತ್ ಗುತ್ತಿಗೆದಾರರೊಡನೆ ಸೇರಿ ಇದನ್ನು ಹೊಸ ಯಂತ್ರವಿಲ್ಲದೆ ಆರಂಭಿಸಬಹುದು. ಎರಡನೆಯ ಹಂತ ಚೌಕಟ್ಟು. ತಂತಿ ಹಾಯಲು ಕಾಲುವೆ ಇರುವ, ಬಾಗಿಲು ತಿರುಗಿದರೂ ತಂತಿ ತುಂಡಾಗದ, ಅಂಚಿಗೆ ನೀರು ತಗಲದ ಚೌಕಟ್ಟುಗಳನ್ನು ಹಾಸನದ ಬೆಳವಣಿಗೆ ಕೇಂದ್ರದ ಸಣ್ಣ ಘಟಕಗಳು ರೂಪಿಸಬಲ್ಲವು. ಟ್ರಾನ್ಸ್‌ಫಾರ್ಮರ್ ಮತ್ತು ನಿಯಂತ್ರಣ ಪೆಟ್ಟಿಗೆಯ ಜೋಡಣೆಯೂ ಇದೇ ಹಂತಕ್ಕೆ ಸೇರುತ್ತದೆ. 1960ರಲ್ಲಿ ಸ್ಥಾಪನೆಯಾದ ಮಲೆನಾಡು ತಾಂತ್ರಿಕ ಮಹಾವಿದ್ಯಾಲಯದಂತಹ ಸಂಸ್ಥೆಗಳ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ನೆರವನ್ನು ಇಂತಹ ವಿನ್ಯಾಸಕ್ಕೆ ಕೋರಬಹುದು. ಮೂರನೆಯ ಹಂತ ಲ್ಯಾಮಿನೇಶನ್ ಒಲೆ. ಕೇವಲ ಸ್ಮಾರ್ಟ್ ಗಾಜಿನ ಬೇಡಿಕೆಯನ್ನು ನಂಬಿ ಒಲೆ ಹಾಕುವುದು ಅಪಾಯ. ಸಾಮಾನ್ಯ ಲ್ಯಾಮಿನೇಟೆಡ್ ಗಾಜಿನ ಕೆಲಸದಿಂದಲೇ ಒಲೆಯ ಕಂತು ತೀರುವಂತಿದ್ದರೆ ಮಾತ್ರ ಮುಂದುವರಿಯಬೇಕು.

ಮುಂದಿನ ದಿನಗಳಲ್ಲಿ ಬೆಲೆಯನ್ನು ನಿರ್ಧರಿಸುವ ಒಂದು ಅಂಶ ವಿದ್ಯುತ್ ಹರಿಸುವ ಲೇಪ. ಇಂಡಿಯಂ ವಿರಳ ಮತ್ತು ದುಬಾರಿ ಲೋಹ. ಇದಕ್ಕೆ ಪರ್ಯಾಯವಾಗಿ, ಪ್ರೊ. ಜಿ.ಯು. ಕುಲಕರ್ಣಿ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ರೂಪಿಸಿದ ವಿಧಾನ ಗಮನಾರ್ಹ. ಒಣಗಿದ ಕೆರೆಯ ಮಣ್ಣು ಬಿರುಕುಬಿಡುವಂತೆ ಗಾಜಿನ ಮೇಲೆ ಒಂದು ತೆಳುಪದರವನ್ನು ಬಿರುಕುಗೊಳಿಸಿ, ಆ ಬಿರುಕುಗಳಲ್ಲಿ ಲೋಹವನ್ನು ಕೂರಿಸಿ, ಪದರವನ್ನು ತೊಳೆದುಹಾಕಿದರೆ ಕಣ್ಣಿಗೆ ಕಾಣದ ಲೋಹದ ಬಲೆ ಉಳಿಯುತ್ತದೆ. ಈ ಬಲೆಯ ಗಾಜು ಇಂಡಿಯಂ ಇಲ್ಲದೆಯೇ ವಿದ್ಯುತ್ತನ್ನು ಹರಿಸುತ್ತದೆ. ಸೆನ್ಸ್ ಸಂಸ್ಥೆಯಲ್ಲಿ ಇಂತಹ ಗಾಜಿನ ತಯಾರಿಕೆಯ ಬಗ್ಗೆಯೂ ಕೆಲಸ ನಡೆದಿದೆ. ತಟ್ಟೆಯಾಕಾರದ ದ್ರವಸ್ಫಟಿಕದ ವಿಷಯದಲ್ಲಿ ಕೈತಪ್ಪಿದ ಲಾಭವು ಇಲ್ಲಿ ಕೈತಪ್ಪದಿರಲು, ಉದ್ದಿಮೆದಾರರ ಸಂಘಗಳು ಅಂತಹ ಸಂಸ್ಥೆಗಳೊಡನೆ ಸಂಪರ್ಕದಲ್ಲಿರುವುದು ಅಗತ್ಯ. ಹಾಸನದಿಂದ ಬೆಂಗಳೂರಿಗೆ ಸರಕಿಗಾಗಿ ಹೋಗುವ ಉದ್ದಿಮೆದಾರನು ಸಂಶೋಧಕರನ್ನೂ ಒಮ್ಮೆ ಭೇಟಿಯಾಗಲು ದಾರಿ ದೂರವೇನಲ್ಲ.

ಒಪ್ಪಂದದಲ್ಲಿ ಸೇರಿಸಬೇಕಾದ ಅಂಶಗಳು

ಬಾಯಿಮಾತಿನ ವ್ಯವಹಾರ ಈ ಸರಕಿಗೆ ಹೊಂದುವುದಿಲ್ಲ. ದರಪಟ್ಟಿಯಲ್ಲಿಯೇ ಈ ಕೆಳಗಿನವುಗಳನ್ನು ಬರೆದು ಗ್ರಾಹಕನ ಸಹಿ ಪಡೆಯುವುದು ಉತ್ತಮ:

1. ಗಾಜು ಮರೆಗಾಗಿ ಮಾತ್ರ, ತಾಪ ಅಥವಾ ಶಬ್ದ ತಡೆಯುವ ಭರವಸೆ ಇಲ್ಲ ಎಂಬ ಸ್ಪಷ್ಟ ಹೇಳಿಕೆ.
2. ಓರೆ ನೋಟದ ಮಂಜು ಮತ್ತು ಹತ್ತಿರದ ನೆರಳು ದೋಷವೆಂದು ಪರಿಗಣಿಸತಕ್ಕದ್ದಲ್ಲ ಎಂಬುದು. ಒಂದು ಮಾದರಿ ತುಂಡನ್ನು ಚಾಲನೆಯಲ್ಲಿ ತೋರಿಸಿದ್ದರ ಉಲ್ಲೇಖ.
3. ವಾರಂಟಿ ಎಷ್ಟು ವರ್ಷ, ಫಿಲ್ಮಿಗೆ ಯಾರು, ಟ್ರಾನ್ಸ್‌ಫಾರ್ಮರಿಗೆ ಯಾರು, ಬಿಚ್ಚಿ ಮತ್ತೆ ಜೋಡಿಸುವ ಕೂಲಿ ಯಾರದು ಎಂಬುದು. ಸರಬರಾಜುದಾರನು ವರ್ತಕನಿಗೆ ಕೊಟ್ಟ ವಾರಂಟಿಗಿಂತ ಹೆಚ್ಚಿನದನ್ನು ವರ್ತಕನು ಗ್ರಾಹಕನಿಗೆ ಕೊಡಬಾರದು.
4. ಸರಕಿನ ಅಸಲನ್ನಾದರೂ ಭರಿಸುವಷ್ಟು ಮುಂಗಡ. ಅಳತೆಗೆ ಕತ್ತರಿಸಿದ ಫಿಲ್ಮನ್ನು ಬೇರೊಬ್ಬರಿಗೆ ಮಾರಲಾಗದು.

ತೆರಿಗೆಯ ವಿಷಯದಲ್ಲಿ, ಸರಕನ್ನು ಮಾತ್ರ ಮಾರುವುದಕ್ಕೂ ಕಟ್ಟಡಕ್ಕೆ ಜೋಡಿಸಿಕೊಡುವುದಕ್ಕೂ ವ್ಯತ್ಯಾಸವಿದೆ. ಸ್ಥಿರಾಸ್ತಿಗೆ ಸಂಬಂಧಿಸಿದ ಜೋಡಣೆ ಕೆಲಸವು ಜಿಎಸ್‌ಟಿಯಲ್ಲಿ ವರ್ಕ್ಸ್ ಕಾಂಟ್ರಾಕ್ಟ್ ಆಗಿ, ಸೇವೆಯೆಂದು ಪರಿಗಣಿತವಾಗಬಹುದು. ಬಿಲ್ಲು ಬರೆಯುವ ಮೊದಲು ಲೆಕ್ಕಪರಿಶೋಧಕರ ಸಲಹೆ ಪಡೆಯಬೇಕು. ದೊಡ್ಡ ಸಂಸ್ಥೆಗಳಿಗೆ ಕೆಲಸ ಮಾಡಿಕೊಡುವ ಸಣ್ಣ ತಯಾರಕರು ಉದ್ಯಮ್ ನೋಂದಣಿ ಮಾಡಿಸಿಕೊಂಡಿದ್ದರೆ, 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಒಪ್ಪಿದ ಅವಧಿಯಲ್ಲಿ, ಹೆಚ್ಚೆಂದರೆ 45 ದಿನಗಳೊಳಗೆ, ಹಣ ಪಡೆಯುವ ಹಕ್ಕಿದೆ.

ಸಾರಾಂಶ

ದ್ರವಸ್ಫಟಿಕ ಕಿಟಕಿಯು ಮರೆಯನ್ನು ಬೇಕೆಂದಾಗ ಕೊಟ್ಟು ಬೇಡವೆಂದಾಗ ತೆಗೆಯುವ ಸಾಧನ. ತಂಪು ಕೊಡುವ ಸಾಧನವೆಂದು ಅದನ್ನು ಮಾರಬಾರದು. ಅದರ ವಿದ್ಯುತ್ ಖರ್ಚು ಅಲ್ಪ, ವ್ಯರ್ಥವಾಗುವ ಫಿಲ್ಮಿನ ನಷ್ಟ ಅಧಿಕ. ಅದರ ಬಾಳಿಕೆ ಅಂಚಿನ ಮೇಲೂ, ವರ್ತಕನ ಲಾಭ ಅಳತೆಯ ಮೇಲೂ ನಿಂತಿವೆ. ಜಿಲ್ಲೆಯ ಗಾಜು ವರ್ತಕರು ಜೋಡಣೆ ಮತ್ತು ದುರಸ್ತಿಯಿಂದ ಆರಂಭಿಸಿ, ಆರ್ಡರಿಗೆ ತಕ್ಕಂತೆ ಸರಕು ತರಿಸಿ, ಅನುಭವ ಬಂದಂತೆ ಚೌಕಟ್ಟು ಮತ್ತು ನಿಯಂತ್ರಣ ಪೆಟ್ಟಿಗೆಗಳ ತಯಾರಿಕೆಗೆ ಏರುವುದು ಸುರಕ್ಷಿತ ಕ್ರಮ. ಅಂಗಡಿಯಲ್ಲಿ ಒಂದು ಅಡಿ ಚದರದ ಮಾದರಿ ಫಲಕವನ್ನು ಟ್ರಾನ್ಸ್‌ಫಾರ್ಮರಿನೊಡನೆ ಇಟ್ಟು, ಗ್ರಾಹಕನೇ ಗುಂಡಿ ಒತ್ತಿ ನೇರವಾಗಿಯೂ ಓರೆಯಾಗಿಯೂ ನೋಡುವಂತೆ ಮಾಡುವುದು ಈ ವ್ಯವಹಾರದ ಮೊದಲ ಹೂಡಿಕೆಯಾಗಬೇಕು.